ಗೀರಬಾರದ ಕಲ್ಲು

ಸರ್ ಹೋದ ತಿಂಗಳು ಠಾಣೆಯ ಕೋಪರಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಒಂದರ ಬೆನ್ನಿಗೆ ಒಂದು ಬಂದವು. ಮಹಾನ್ ಗುರು ಎಂದು ಒಬ್ಬ ಬರೆದ, ಅಂಥವರು ಇನ್ನು ಹುಟ್ಟುವುದಿಲ್ಲ ಎಂದು ಇನ್ನೊಬ್ಬ. ಹುಟ್ಟದಿದ್ದರೆ ಒಳ್ಳೆಯದೇ ಎಂದು ಬರೆಯಲು ಬೆರಳು ಹೋಯಿತು. ಬರೆಯಲಿಲ್ಲ. ಕಲ್ಯಾಣದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಅವರ ಕೈಕೆಳಗೆ ಪ್ರಯೋಗಾಲಯದ ಸಹಾಯಕನಾಗಿದ್ದೆ. ಅವರನ್ನು ನನ್ನಷ್ಟು ಹತ್ತಿರದಿಂದ ಕಂಡವರು ಆ ಗುಂಪಿನಲ್ಲಿ ಯಾರೂ ಇಲ್ಲ. ಈಗ ಅವರು ಎಂದು ಬಹುವಚನ ಹಾಕಿ ಬರೆಯುತ್ತಿರುವುದೂ ಬರೀ ಅಭ್ಯಾಸದಿಂದ.

ಕುಳ್ಳಗಿನ ಆಳು. ಇಸ್ತ್ರಿ ಮುರಿಯದ ಅರ್ಧ ತೋಳಿನ ಬಿಳಿ ಅಂಗಿ, ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ. ಆ ಭೂತಗನ್ನಡಿ ಕಲ್ಲು ನೋಡಲಿಕ್ಕೆ ಇರುವಂಥದ್ದು. ಅವರು ಅದರಲ್ಲಿ ಹುಡುಗರ ರೈಲ್ವೆ ಪಾಸಿನ ತಾರೀಖು ನೋಡುತ್ತಿದ್ದರು, ಜರ್ನಲಿನಲ್ಲಿ ಅಳಿಸಿ ಬರೆದ ಜಾಗ ನೋಡುತ್ತಿದ್ದರು. ಒಮ್ಮೆ ಅದನ್ನು ಒಬ್ಬ ಹುಡುಗನ ಅಂಗಿಯ ಕಾಲರಿಗೇ ಹಿಡಿದು ಇಡೀ ಕ್ಲಾಸಿಗೆ ಕೇಳುವಂತೆ, ಇಲ್ಲಿ ಮೂರು ಪದರ ಕಾಣುತ್ತವೆ, ಮೂರು ದಿನದವು, ಎಂದರು. ವಿದ್ಯಾರ್ಥಿಯ ಪುಸ್ತಕ ಮುಟ್ಟಿದ ಮೇಲೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುವ ಅಭ್ಯಾಸ ಬೇರೆ. ಕಲ್ಲು ಮುಟ್ಟಿದರೆ ಒರೆಸಿಕೊಳ್ಳುತ್ತಿರಲಿಲ್ಲ. "ಕಲ್ಲಿಗೆ ಮಾತು ಬರುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ಮರ್ಯಾದೆ" ಎಂದು ಪ್ರತಿ ವರ್ಷದ ಮೊದಲ ಕ್ಲಾಸಿನಲ್ಲಿ ಹೇಳುತ್ತಿದ್ದರು. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ.

ಅವರದು ಉಡುಪಿ ಕಡೆ, ನಮ್ಮದೂ ಅದೇ. ಅವರ ಅಣ್ಣನ ವೆಜಿಟೇರಿಯನ್ ಹೋಟೆಲು ಠಾಣೆ ಸ್ಟೇಷನ್ನಿನ ಪೂರ್ವಕ್ಕಿತ್ತು. ನನ್ನ ಅಪ್ಪ ಅಲ್ಲಿ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆದವರು. ಹೋಟೆಲಿನ ಮೇಲಿನ ಕೋಣೆಯಲ್ಲೇ ಅಪ್ಪ ಅಮ್ಮನ ಸಂಸಾರ. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ಸರ್ ಹೇಳಿದ ಒಂದು ಮಾತಿನಿಂದ. ಆ ಮಾತನ್ನು ಅವರು ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ.

ಪಾಠ ಮಾತ್ರ ಬೆಂಕಿಯಂತೆ ಮಾಡುತ್ತಿದ್ದರು. ಇದನ್ನು ಒಪ್ಪಲು ನನಗೆ ಇಷ್ಟವಿಲ್ಲ, ಆದರೆ ಸುಳ್ಳು ಹೇಳಲಾರೆ. ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ ಎಲ್ಲವೂ ಕೂತಿರುವುದು ಲಾವಾ ಹರಿದು ಆರಿದ ಕಪ್ಪು ಬಸಾಲ್ಟಿನ ಮೇಲೆ. ಎಲ್ಲಿ ಅಗೆದರೂ ಅದೇ ಕರಿಕಲ್ಲು. ರೂಪಾಂತರ ಶಿಲೆಯನ್ನು ಹುಡುಗರು ಕಾಣಬೇಕಿದ್ದರೆ ಒಂದೋ ಕರ್ನಾಟಕಕ್ಕೆ ಹೋಗಬೇಕು, ಇಲ್ಲವೇ ನಮ್ಮ ಗಾಜಿನ ಕಪಾಟನ್ನು ನೋಡಬೇಕು. ಕಣ್ಣಿಗೆ ಕಾಣದ್ದನ್ನು ಅವರು ಕಾಣಿಸಿಬಿಡುತ್ತಿದ್ದರು. ನೆಲದ ಆಳಕ್ಕೆ ಇಳಿದ ಕಲ್ಲಿಗೆ ಶಾಖ ತಗಲುತ್ತದೆ, ಒತ್ತಡ ಬೀಳುತ್ತದೆ. ಆದರೆ ಅದು ಕರಗಬಾರದು, ಕರಗಿದರೆ ಅಗ್ನಿಶಿಲೆಯ ಕಥೆಯಾಯಿತು. ಗಟ್ಟಿಯಾಗಿದ್ದಂತೆಯೇ ಒಳಗಿನ ಹರಳುಗಳು ಬದಲಾಗಬೇಕು. ಸುಣ್ಣಕಲ್ಲು ಅಮೃತಶಿಲೆಯಾಗುವುದು ಹಾಗೆ, ಮರಳುಗಲ್ಲು ಕ್ವಾರ್ಟ್ಜೈಟ್ ಆಗುವುದು ಹಾಗೆ. ಜೇಡಿಯ ಕಲ್ಲು ಮೊದಲು ಸ್ಲೇಟ್ ಆಗುತ್ತದೆ, ಇನ್ನೂ ಬೆಂದರೆ ಅಭ್ರಕ ಮಿನುಗುವ ಶಿಸ್ಟ್, ಅದಕ್ಕೂ ಮೀರಿದರೆ ಕಪ್ಪು ಬಿಳಿ ಪಟ್ಟೆಯ ನೈಸ್.

ಒತ್ತಡದಿಂದ ಪದರ ಹೇಗೆ ಮೂಡುತ್ತದೆ ಎಂದು ತೋರಿಸಲು ಹನ್ನೆರಡು ವಿದ್ಯಾರ್ಥಿಗಳನ್ನು ಮುಂದೆ ಕರೆದು ಎರಡು ಬೆಂಚುಗಳ ನಡುವೆ ನಿಲ್ಲಿಸುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಫೈಲು. ಎರಡೂ ಕಡೆಯಿಂದ ಬೆಂಚು ತಳ್ಳಿಸುತ್ತಿದ್ದರು. ನಿಲ್ಲಲು ಜಾಗ ಸಾಲದೆ ಹುಡುಗರು ತಿರುಗುತ್ತಿದ್ದರು, ಫೈಲುಗಳೆಲ್ಲ ಬೆಂಚಿಗೆ ಸಮನಾಗಿ ಒಂದೇ ದಿಕ್ಕಿಗೆ ಮಲಗುತ್ತಿದ್ದವು. ಅಭ್ರಕದ ರೇಕುಗಳು ಹೀಗೇ ಸಾಲುಗಟ್ಟುತ್ತವೆ, ಅದಕ್ಕೇ ಶಿಸ್ಟ್ ಪದರ ಪದರವಾಗಿ ಏಳುತ್ತದೆ, ಎಂಟರ ಡೊಂಬಿವಲಿ ಫಾಸ್ಟ್ ಲೋಕಲಿನ ನೂಕುನುಗ್ಗಲು ಕಂಡವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ, ಎನ್ನುತ್ತಿದ್ದರು. ಹುಡುಗರು ನಗುತ್ತಿದ್ದರು. ಸರ್ ಮಾತ್ರ ಬೆಳಿಗ್ಗೆ ಠಾಣೆಯಿಂದ ಕಲ್ಯಾಣಕ್ಕೆ, ಎಂದರೆ ಜನಪ್ರವಾಹಕ್ಕೆ ಎದುರಾಗಿ, ಖಾಲಿ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಬರುವವರು.

ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಅವರನ್ನು ಗುರು ಎನ್ನುತ್ತಿದ್ದೆ. ಒಂದು ವರ್ಷ ಕ್ಲಾಸಿನಲ್ಲಿ ದಪ್ಪಗಿನ ಒಬ್ಬ ಹುಡುಗನಿದ್ದ. ಅವನನ್ನು ಆ ಹನ್ನೆರಡು ಮಂದಿಯ ನಟ್ಟನಡುವೆ ನಿಲ್ಲಿಸಿ ಬೆಂಚು ತಳ್ಳಿಸಿದರು. ಉಳಿದವರು ಅವನ ಸುತ್ತ ಬಾಗಿ ನಿಂತರು. "ನೋಡಿ, ಗಾರ್ನೆಟ್ ಬೆಳೆದುಕೊಂಡಿದೆ. ಪದರಗಳು ಅದನ್ನು ಸುತ್ತು ಹಾಕಿ ಹೋಗಬೇಕು, ಪಾಪ" ಎಂದರು. ವಿಜ್ಞಾನ ಸರಿಯಾಗಿಯೇ ಇತ್ತು, ಶಿಸ್ಟಿನಲ್ಲಿ ಗಾರ್ನೆಟ್ ಎಂಬ ದುಂಡು ಹರಳು ಇರುವುದು ಹಾಗೇ. ಹುಡುಗನಿಗೆ ಕಾಲೇಜು ಮುಗಿಯುವ ತನಕ ಅದೇ ಹೆಸರಾಯಿತು. ಅವನು ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ.

ಏಳೂವರೆಯ ಕ್ಲಾಸು. ಏಳೂವರೆಗೆ ಸರಿಯಾಗಿ ಬಾಗಿಲು ಹಾಕುತ್ತಿದ್ದರು. ಆ ಗಾರ್ನೆಟ್ ಹುಡುಗನ ಕ್ಲಾಸಿನಲ್ಲೇ ರೇಣುಕಾ ಎಂಬ ಹುಡುಗಿಯಿದ್ದಳು. ಕಲ್ಯಾಣದ ಆಚೆಯ ಟಿಟ್ವಾಳಾದಿಂದ ಬರುತ್ತಿದ್ದಳು. ಅಪ್ಪ ಕಲಬುರಗಿ ಕಡೆಯವರು, ಮನೆಗಳಿಗೆ ಲಾದಿ, ಎಂದರೆ ನೆಲದ ಕಲ್ಲು, ಹಾಸುವ ಕೆಲಸ. ಶಹಾಬಾದಿ ಫರ್ಶಿಯಿಂದ ಹಿಡಿದು ರಾಜಸ್ಥಾನದ ಮಾರ್ಬಲಿನವರೆಗೆ ಎಲ್ಲವನ್ನೂ ಕೊಯ್ದು ಕೂರಿಸುವವರು. ಅತ್ತಲಿನ ಗಾಡಿ ತಡವಾದ ದಿನ ರೇಣುಕಾ ಬಾಗಿಲ ಹೊರಗೆ ನಿಂತು, ಗೋಡೆಗೆ ಪುಸ್ತಕ ಒತ್ತಿಕೊಂಡು, ಒಳಗಿನಿಂದ ಕೇಳಿಸಿದಷ್ಟನ್ನು ಬರೆದುಕೊಳ್ಳುತ್ತಿದ್ದಳು. ಪಕ್ಕದ ಪ್ರಯೋಗಾಲಯದಿಂದ ನನಗದು ಕಾಣುತ್ತಿತ್ತು. ಸರ್‌ಗೂ ಗೊತ್ತಿತ್ತು. ಅವಳು ಹೊರಗಿದ್ದ ದಿನ ಅವರು ದನಿ ತಗ್ಗಿಸಿ ಪಾಠ ಮಾಡುತ್ತಿದ್ದರು.

ಬೇರೆಯವರು ಹಾಗೆ ಮಾಡಿದ್ದರೆ ಗಂಟಲು ನೋವೇನೋ ಅಂದುಕೊಳ್ಳಬಹುದಿತ್ತು. ಇವರು ಮುಂದಿನ ಸಾಲಿನವರಿಗೆ ಹೇಳಿಯೇ ತಗ್ಗಿಸಿದ್ದರು: ಟಿಟ್ವಾಳಾ ಲೋಕಲಿಗೆ ಇಲ್ಲಿ ಸ್ಟಾಪ್ ಇಲ್ಲ.

ಕಲ್ಲುಗಳ ವಿಂಗಡಣೆಯ ಪಾಠಕ್ಕೆ ಮೇಜಿನ ಮೇಲೆ ಎರಡು ಗುಡ್ಡೆ ಹಾಕಿಸುತ್ತಿದ್ದರು. ಪದರ ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಪದರ ಇಲ್ಲದ ಗುಡ್ಡೆಯಲ್ಲಿ ಬಿಳಿಯ ಎರಡು ಕಲ್ಲು ಹುಡುಗರನ್ನು ಸತಾಯಿಸುತ್ತವೆ, ಅಮೃತಶಿಲೆ ಮತ್ತು ಕ್ವಾರ್ಟ್ಜೈಟ್. ಎರಡೂ ಸಕ್ಕರೆ ಹೆಪ್ಪುಗಟ್ಟಿದ ಹಾಗೆ ಕಾಣುತ್ತವೆ. ಅದಕ್ಕೆ ಎರಡು ಪರೀಕ್ಷೆ. ಚಾಕುವಿನಿಂದ ಗೀರಿದರೆ ಅಮೃತಶಿಲೆಗೆ ಗೀರು ಬೀಳುತ್ತದೆ, ಕ್ವಾರ್ಟ್ಜೈಟ್ ಚಾಕುವನ್ನೇ ಸವೆಸುತ್ತದೆ. ನೀರು ಬೆರೆಸಿದ ಆಸಿಡ್ ಒಂದು ಹನಿ ಬಿಟ್ಟರೆ ಅಮೃತಶಿಲೆ ನೊರೆಯೇಳುತ್ತದೆ, ಕ್ವಾರ್ಟ್ಜೈಟ್ ಸುಮ್ಮನಿರುತ್ತದೆ. ಹೀಗೆಂದು ಕಲಿಸಿದವರು ಅವರೇ. ಆದರೆ ಕಪಾಟಿನ ಕಲ್ಲುಗಳನ್ನು ಗೀರುವ ಹಾಗಿರಲಿಲ್ಲ. ಹನಿ ಬಿಟ್ಟು ನೋಡಿ, ಒರೆಸಿ ಇಡಬೇಕು, ಅಷ್ಟೇ.

ಆ ಕಪಾಟಿನ ಹದಿನೇಳನೇ ನಂಬರಿನ ಕಲ್ಲು ಅವರೇ ಪ್ರಾಯದಲ್ಲಿ ಘಟ್ಟದ ಮೇಲಿನ ಒಂದು ಗುಡ್ಡದಿಂದ ತಂದದ್ದು. ಆ ಗುಡ್ಡದ ಬಿಳಿಯ ಪಟ್ಟಿಯ ಬಗ್ಗೆ ಅವರೊಂದು ಪ್ರಬಂಧ ಬರೆದು ಅಚ್ಚು ಹಾಕಿಸಿದ್ದರು. ಪಟ್ಟಿ ಇಡಿಯಾಗಿ ಕ್ವಾರ್ಟ್ಜೈಟ್ ಎಂಬುದು ಅದರ ಸಾರ. ಅದರಿಂದಲೇ ಅವರಿಗೆ ಹೆಸರು ಬಂದಿದ್ದು, ವಿಭಾಗದ ಮುಖ್ಯಸ್ಥರಾದದ್ದೂ.

ಕೊನೆಯ ವರ್ಷದ ಒಳ ಪರೀಕ್ಷೆಯಲ್ಲಿ ಆ ಕಲ್ಲು ಮೇಜಿನ ಮೇಲಿತ್ತು. ಹುಡುಗರು ಒಬ್ಬೊಬ್ಬರಾಗಿ ಹನಿ ಬಿಟ್ಟರು, ನೊರೆ ಬರಲಿಲ್ಲ, ಕ್ವಾರ್ಟ್ಜೈಟ್ ಎಂದು ಬರೆದು ಮುಂದಕ್ಕೆ ಹೋದರು. ರೇಣುಕಾ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು, ಉಗುರಿನಿಂದ ಸವರಿದಳು. ಆಮೇಲೆ ಕಂಪಾಸ್ ಡಬ್ಬಿಯಿಂದ ಕೈವಾರ ತೆಗೆದು ಅದರ ಮೊನೆಯಿಂದ ಕಲ್ಲನ್ನು ಗೀರಿದಳು. ಬಿಳಿ ಪುಡಿ ಎದ್ದಿತು. ಆ ಪುಡಿಯ ಮೇಲೆ ಹನಿ ಬಿಟ್ಟಾಗ ಸಣ್ಣಗೆ ಗುಳ್ಳೆ ಬಂದವು.

ಸರ್ ಅವಳ ಹಿಂದೆ ಬಂದು ನಿಂತಿದ್ದರು. ಗೀರಲಿಕ್ಕೆ ಯಾರು ಹೇಳಿದ್ದು ಎಂದು ಕೇಳಿದರು.

"ನೀವೇ ಹೇಳಿದ್ರಲ್ಲರೀ ಸರ್, ಚಾಕುವಿಗೆ ಸೋತ್ರ ಅಮೃತಶಿಲೆ ಅಂತ. ಇದು ಡಾಲಮೈಟಿನ ಅಮೃತಶಿಲೆ ಅದರೀ. ಅದಕ್ಕ ಹಂಗ ಹನಿ ಬಿಟ್ರ ನೊರಿ ಬರಂಗಿಲ್ಲ, ಪುಡಿ ಮಾಡಿದ್ರ ಬರತದ. ನಮ್ಮಪ್ಪ ಇಂಥಾವು ಭಾಳ ಕೊಯ್ದಾರ."

"ಇದು ನಿನ್ನ ಅಪ್ಪ ಹಾಸುವ ಲಾದಿ ಅಲ್ಲ" ಎಂದರು ಸರ್. ದನಿ ಏರಿಸಲಿಲ್ಲ. ಅವಳ ಉತ್ತರದ ಹಾಳೆ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ ಎಳೆದರು. ಕಾಲೇಜಿನ ಸ್ವತ್ತನ್ನು ಹಾಳುಮಾಡಿದ್ದಾಳೆ ಎಂದು ಬರೆದು ಸಹಿ ಹಾಕಿದರು. ಒಳ ಪರೀಕ್ಷೆಯಲ್ಲಿ ಪಾಸಾಗದವರು ವಾರ್ಷಿಕ ಪರೀಕ್ಷೆಗೆ ಕೂರುವಂತಿರಲಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ಕಲ್ಲುಗಳನ್ನು ಒರೆಸಿ ಕಪಾಟಿಗಿಡುವಾಗ ನಾನು ಹದಿನೇಳನ್ನು ತಿರುಗಿಸಿ ತಳಭಾಗದಲ್ಲಿ ಗೀರಿದೆ. ಪುಡಿಯ ಮೇಲೆ ಹನಿ ಬಿಟ್ಟೆ. ಗುಳ್ಳೆ ಬಂದವು. ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಮರುದಿನ ಬೆಳಿಗ್ಗೆ ಅವರೊಬ್ಬರೇ ಇದ್ದಾಗ ಹೇಳಿದೆ. ಸರ್ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡು ತುಳುವಿಗೆ ಹೊರಳಿದರು. ಕಾಲೇಜಿನಲ್ಲಿ ಅವರು ನನ್ನೊಡನೆ ತುಳು ಆಡಿದ್ದು ಅದೇ ಮೊದಲು. ಅಪ್ಪನಿಗೆ ಈಗ ವಯಸ್ಸೆಷ್ಟು ಎಂದು ಕೇಳಿದರು. ಅಣ್ಣ ಹೊಸ ಮ್ಯಾನೇಜರನ್ನು ಹುಡುಕುವ ಮಾತಾಡುತ್ತಿದ್ದಾನೆ, ತಾನೇ ಈವರೆಗೆ ತಡೆದದ್ದು ಎಂದರು. ಮೇಲಿನ ಕೋಣೆಯಲ್ಲಿ ಅಮ್ಮನಿಗೆ ಸೆಕೆ ಜಾಸ್ತಿಯಾಗುವುದಿಲ್ಲವಷ್ಟೇ ಎಂದು ವಿಚಾರಿಸಿದರು. ಕಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎರಡು ದಿನ ಬಿಟ್ಟು ರೇಣುಕಾಳ ಅಪ್ಪ ಕೆಲಸ ಬಿಟ್ಟು ಕಾಲೇಜಿಗೆ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಾವು ಐದು ಜನ. ಪ್ರಿನ್ಸಿಪಾಲರು ಮರಾಠಿಯವರು, ರಸಾಯನಶಾಸ್ತ್ರದವರು, ಸಭ್ಯರು. ಗೀರು ತೋರಿಸಲೆಂದು ಸರ್ ಕಲ್ಲನ್ನು ತಂದು ಮೇಜಿನ ಮೇಲಿಟ್ಟಿದ್ದರು. ಆ ಅಪ್ಪನ ಕೈಬೆರಳ ಸಂದಿಗಳಲ್ಲಿ ಬಿಳಿ ಸಿಮೆಂಟು ಇನ್ನೂ ಉಳಿದಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆ ಕಲ್ಲ ಒಮ್ಮಿ ಕೈಯಾಗ ಕೊಡ್ರಿ ಸಾಹೇಬ್ರ, ನಾ ಹೇಳತೀನಿ" ಎಂದು ಸರ್ ಕಡೆ ಕೈ ಚಾಚಿದರು.

ಸರ್ ಪ್ರಿನ್ಸಿಪಾಲರ ಕಡೆ ತಿರುಗಿ, ಕಲ್ಲು ಗುರುತಿಸಲು ನಮ್ಮ ವಿಭಾಗ ಇನ್ನೂ ಲಾದಿವಾಲಾನನ್ನು ಕರೆಸುವ ಮಟ್ಟಕ್ಕೆ ಬಂದಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಆ ಅಪ್ಪನಿಗೆ ಹಿಂದಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಚಾಚಿದ ಕೈ ಹಿಂದಕ್ಕೆ ಹೋಯಿತು.

ಪ್ರಿನ್ಸಿಪಾಲರು ನನ್ನನ್ನು ಕೇಳಿದರು: ಪ್ರಯೋಗಾಲಯದಲ್ಲಿ ಇರುವವನು ನೀನು, ಆ ಕಲ್ಲನ್ನು ನೀನು ಪರೀಕ್ಷಿಸಿ ನೋಡಿದ್ದೀಯಾ?

ಇಲ್ಲ, ನಾನು ಪರೀಕ್ಷಿಸಿಲ್ಲ, ರಿಜಿಸ್ಟರಿನಲ್ಲಿ ಕ್ವಾರ್ಟ್ಜೈಟ್ ಎಂದಿದೆ, ಎಂದೆ. ಎರಡನೆಯ ಮಾತು ನಿಜವಾಗಿತ್ತು. ಆ ಒಂದು ನಿಜದ ಆಸರೆಯಲ್ಲಿ ನಾನು ಎಷ್ಟೋ ವರ್ಷ ನಿದ್ದೆ ಮಾಡಿದ್ದೇನೆ.

ಆ ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗಳಿಗೆ ಹೇಳಿದರು: "ಸರ್ ಕಾಲಿಗೆ ಬೀಳವ್ವ, ತಪ್ಪಾತು ಅನ್ನು."

ರೇಣುಕಾ ಬಗ್ಗಿ ಸರ್ ಕಾಲು ಮುಟ್ಟಿದಳು. ಬಾಯಿ ಮಾತ್ರ ತೆರೆಯಲಿಲ್ಲ. ಸರ್ ಕೈಗಡಿಯಾರ ನೋಡಿಕೊಂಡರು. ಮುಂದಿನ ವರ್ಷ ಇನ್ನೊಮ್ಮೆ ಪರೀಕ್ಷೆಗೆ ಕೂರಬಹುದು, ಅಷ್ಟು ಕೃಪೆ ಮಾಡಬಹುದು ಎಂದರು. ಅವಳು ಮುಂದಿನ ವರ್ಷ ಬರಲಿಲ್ಲ. ನಾನು ಹದಿನೇಳರ ಗೀರಿನ ಮೇಲೆ ಬಿಳಿ ಬಣ್ಣ ಬಳಿದೆ, ಅದರ ಮೇಲೆ ನಂಬರು ಬರೆದೆ. ಸರ್ ಹೇಳಿದ್ದರು, ಮಾಡಿದೆ.

ಅದಾಗಿ ಏಳು ವರ್ಷಕ್ಕೆ ಅವರು ನಿವೃತ್ತರಾದರು. ಕೋಣೆ ತೆರವು ಮಾಡುವಾಗ ಕಪಾಟಿನ ಹಿಂದಿನ ಸಾಲಿನಲ್ಲಿ ಅವರ ಹಳೆಯ ಕ್ಷೇತ್ರ ಪುಸ್ತಕಗಳು ಸಿಕ್ಕಿದವು, ಗುಡ್ಡ ಸುತ್ತುವಾಗ ಟಿಪ್ಪಣಿ ಬರೆಯುವಂಥವು. ಧೂಳು ಕೊಡವಿ ಒಂದನ್ನು ಬಿಡಿಸಿದೆ. ಘಟ್ಟದ ಮೇಲಿನ ಆ ಗುಡ್ಡದ ಚಿತ್ರ, ಬಿಳಿ ಪಟ್ಟಿ, ಅದರ ಪಕ್ಕದಲ್ಲಿ ಪೆನ್ಸಿಲಿನ ಟಿಪ್ಪಣಿ, ಅವರದೇ ಅಕ್ಷರ: ಎರಡನೇ ಸಲ ಬಂದಾಗ ನೋಡಿದ್ದು, ಪಟ್ಟಿಯ ಈ ತುದಿಗೆ ಚಾಕು ಹಿಡಿಯುತ್ತದೆ, ಪುಡಿ ಮಾಡಿದರೆ ನಿಧಾನ ನೊರೆ, ಡಾಲಮೈಟ್. ಕೆಳಗೆ ತಾರೀಖು. ನಾನು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ವರ್ಷ ಹಿಂದಿನದು.

ಸರ್ ಅಲ್ಲೇ ಕುರ್ಚಿಯಲ್ಲಿ ಕೂತು ಸ್ಟೀಲಿನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಪುಸ್ತಕವನ್ನು ಹಾಗೇ ಅವರ ಮುಂದೆ ಹಿಡಿದೆ.

"ಗೊತ್ತುಂಟು ಮಾರಾಯ" ಎಂದರು. "ನಾನು ಎರಡನೇ ಸಲ ಹೋಗುವಾಗ ಪ್ರಬಂಧ ಅಚ್ಚಾಗಿ ಆಗಿತ್ತು. ಎಂತ ಮಾಡುವುದು, ಮನೆ ಮನೆಗೆ ಹೋಗಿ ವಾಪಸ್ ಕೊಡಿ ಅಂತ ಕೇಳುವುದಾ?"

ಹಾಗಾದರೆ ಆ ಹುಡುಗಿ, ಎಂದೆ.

"ಅವಳು ಸುಮ್ಮನೆ ಕ್ವಾರ್ಟ್ಜೈಟ್ ಅಂತ ಬರೆದಿದ್ದರೆ ಪಾಸ್ ಆಗ್ತಿದ್ದಳು. ಉಳಿದವರೆಲ್ಲ ಬರೆದು ಪಾಸ್ ಆಗಲಿಲ್ವಾ? ಅವಳಿಗೆ ಗೀರಬೇಕಿತ್ತು, ಗೀರಿದಳು."

ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ತಿಳಿಯದೆ ಮಾಡಿದ ತಪ್ಪನ್ನು ಹಟಕ್ಕೆ ಬಿದ್ದು ಸಮರ್ಥಿಸಿಕೊಂಡರು ಎಂದು ಅಷ್ಟು ವರ್ಷ ನಂಬಿದ್ದೆ. ಅದರಲ್ಲಿ ಒಂದು ತರಹದ ಸಮಾಧಾನವೂ ಇತ್ತು. ಅವರು ಎಲ್ಲವನ್ನೂ ತಿಳಿದೇ ಮಾಡಿದ್ದರು. ಮರುದಿನ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು. ವಿಭಾಗದ ಪರವಾಗಿ ಕೃತಜ್ಞತೆಯ ಮಾತು ಓದಿದವನು ನಾನೇ. ಅಪ್ಪ ಆಗ ಬದುಕಿರಲಿಲ್ಲ, ಅಮ್ಮ ಆ ಮೇಲಿನ ಕೋಣೆ ಬಿಟ್ಟು ಡೊಂಬಿವಲಿಯಲ್ಲಿ ನನ್ನ ಜೊತೆಗಿದ್ದಳು. ಹೆದರಲು ಯಾವ ಕಾರಣವೂ ಉಳಿದಿರಲಿಲ್ಲ. ಆದರೂ ಓದಿದೆ. ಅವರ ಜೊತೆ ಬಹಳ ಕಾಲ ಇದ್ದವರಿಗೆ ಹೀಗಾಗುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಬಂದ ಮೇಲೆ, ಗುಂಪಿನಲ್ಲಿ ನನ್ನ ಹಾಗೆ ಏನೂ ಬರೆಯದೆ ಇದ್ದವನು ಇನ್ನೊಬ್ಬನಿದ್ದ, ಸರ್ ಗಾರ್ನೆಟ್ ಎಂದು ಕರೆದ ಹುಡುಗ. ಅವನಿಗೆ ಫೋನು ಮಾಡಿದೆ. ರೇಣುಕಾ ಡಿಪ್ಲೊಮಾ ಮುಗಿಸಿ, ಈಗ ಐರೋಲಿಯಲ್ಲಿ ಕಟ್ಟಡದ ಜಲ್ಲಿ, ಕಾಂಕ್ರೀಟು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಮೇಲ್ವಿಚಾರಕಿ ಎಂದು ಅವನು ಹೇಳಿ, ನಂಬರನ್ನೂ ಕೊಟ್ಟ. ಯಾಕೆ ಎಂದು ಕೇಳಲಿಲ್ಲ.

ಹೋದೆ. ನಲವತ್ತರ ಹತ್ತಿರದ ಹೆಂಗಸು, ಕನ್ನಡಕ, ಬಿಳಿ ಕೋಟು. ಹೊರಗೆ ಯಂತ್ರವೊಂದು ಕಾಂಕ್ರೀಟಿನ ಚೌಕ ಗಟ್ಟಿಗಳನ್ನು ಒತ್ತಿ ಒಡೆಯುತ್ತಿತ್ತು. ನನ್ನ ಗುರುತು ಹತ್ತಿತು, ಕೂರಿ ಎಂದಳು, ಚಹಾ ತರಿಸಿದಳು. ಸರ್ ತೀರಿಕೊಂಡರು ಎಂದೆ. ಹೂಂ ಎಂದಳು. ಆಮೇಲೆ ಕ್ಷೇತ್ರ ಪುಸ್ತಕದ ಸಂಗತಿ ಹೇಳಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದಾಗ ಅವಳು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು, ಅಷ್ಟೇ.

"ನೀವು ನೋಡಿದ್ದಿಲ್ಲೇನ್ರಿ ಸರ್, ಪುಡಿ ಮಾಡಿ?" ಎಂದು ಕೇಳಿದಳು.

"ನೋಡಿದ್ದೆ."

"ಯಾವಾಗ?"

"ನಿನ್ನ ಪರೀಕ್ಷೆಯ ದಿನವೇ. ಸಂಜೆ."

ಅವಳಿಗೆ ಇದು ತಿಳಿದಿರಲಿಲ್ಲ. ನಾನು ನಿಜವಾಗಿಯೂ ನೋಡಿಲ್ಲ, ನೋಡಿದ್ದರೆ ಹೇಳುತ್ತಿದ್ದೆ ಎಂದು ಅಷ್ಟು ವರ್ಷ ಅಂದುಕೊಂಡಿದ್ದಳಂತೆ. ಹಾಗೆಂದು ಅವಳೇ ಹೇಳಿದಳು, ಸಿಟ್ಟಿಲ್ಲದೆ, ಯಾವುದೋ ರಿಪೋರ್ಟು ಓದುವವಳ ಹಾಗೆ. ಆಮೇಲೆ ಮೊಬೈಲು ತೆಗೆದು ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

"ಅಪ್ಪಗ ಹೇಳ್ರಿ. ಇದನ್ನ ನನಗಿಂತ ಮೊದಲ ಅವರು ಕೇಳಬೇಕು."

ಹೇಳಿದೆ. ನಾನು ಯಾರು, ಆವತ್ತು ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟೆ, ನಿಜ ಏನಿತ್ತು, ಎಲ್ಲ. ಆ ಕಡೆ ಟಿ.ವಿ.ಯ ಸದ್ದು ನಿಂತಿತು.

"ಆ ಕಲ್ಲ ಮೇಜಿನ ಮ್ಯಾಲ ಇದ್ದಾಗ್ಲೆ ನನಗ ಗುರ್ತು ಸಿಕ್ಕಿತ್ರಿ" ಎಂದರು ಮುದುಕರು. "ಆ ಸಾಹೇಬ್ರು ಏನರ ಅನ್ಲಿ, ಅವರ ಮಾತ ನಾ ನಂಬಿದ್ದಿಲ್ಲ. ನಮ್ಮ ಕನ್ನಡದ ಹುಡುಗ, ನೀವೂ ರಿಜಿಸ್ಟರಿನಾಗ ಬ್ಯಾರೆ ಅದ ಅಂದ್ರಿ. ಆಗ ನನ್ನ ಕಣ್ಣ ತಪ್ಪ್ಯಾವ ಅನ್ಕೊಂಡೆ. ಮನಿಗೆ ಬಂದು ಅಕಿಗೆ ಬಡದೆ. ಕಾಲೇಜು ಬ್ಯಾಡ ಅಂದಾವ್ನೂ ನಾನೇ." ಆಮೇಲೆ, "ಅಕಿ ಕೈಯಾಗ ಫೋನ್ ಕೊಡ್ರಿ" ಎಂದರು.

ರೇಣುಕಾ ಫೋನು ಹಿಡಿದು ಕಿಟಕಿಯ ಬಳಿ ಹೋದಳು. ನನಗೆ ಬೆನ್ನು ಮಾಡಿ ನಿಂತಿದ್ದಳು. ಬಹಳ ಹೊತ್ತು ಕೇಳುತ್ತಿದ್ದಳು. ನಡುನಡುವೆ "ಇರಲಿ ಅಪ್ಪಾ", "ಅಳಬ್ಯಾಡ" ಎನ್ನುವುದು ಕೇಳಿಸಿತು. ನನ್ನ ಮುಂದಿನ ಚಹಾ ಕೆನೆಗಟ್ಟಿತು. ವಾಪಸು ಬಂದಾಗ ಅವಳು ಕನ್ನಡಕ ಒರೆಸಿ ಹಾಕಿಕೊಂಡಿದ್ದಳು, ಕೂರಲಿಲ್ಲ.

"ಮಧ್ಯಾಹ್ನಕ್ಕ ಒಂದು ರಿಪೋರ್ಟ್ ಕೊಡೋದದ. ನೀವು ಹೊರಡ್ರಿ ಸರ್" ಎಂದಳು.

ಎದ್ದೆ. ಬಾಗಿಲ ತನಕ ಅವಳು ಬರಲಿಲ್ಲ. ಸರ್ ಹೇಗೆ ಸತ್ತರು, ಯಾವಾಗ ಸತ್ತರು ಎಂದು ಅವಳು ಕೇಳಿಯೂ ಇರಲಿಲ್ಲ.